ಪುಣೆಯಲ್ಲಿ ಟ್ರೈನಿಂಗ್ ಅಂತ ಆ ತಂಗಿ ಇನ್ನೂ ಎಷ್ಟು ದಿನ ಹೇಳಬೇಕು?

ಈ ಸಲ ಒಂದೇ ಪತ್ರಕ್ಕೆ ಉತ್ತರ ಬರೆಯುತ್ತಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಈ ಪತ್ರದ ಕೊನೆಯಲ್ಲಿರುವ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ.

ಬರೆದಿರುವುದು ದಾವಣಗೆರೆಯ ಹುಡುಗಿ, 26 ವರ್ಷ. ಬೆಂಗಳೂರಿನ ಕೆಲಸದಲ್ಲಿ ಹೈರಾಣಾಗಿ ರಾಜೀನಾಮೆ ಕೊಟ್ಟರು. ಬೆನ್ನಿಗೊಂದು ಬ್ಯಾಗ್ ಏರಿಸಿಕೊಂಡು ಹೊರಟೇಬಿಟ್ಟರು. ಹಂಪಿ, ಗೋಕರ್ಣ, ವಾರಾಣಸಿ, ಋಷಿಕೇಶ, ಕೊನೆಗೆ ತಿರುವಣ್ಣಾಮಲೈ. ಮೂರು ತಿಂಗಳಾಯ್ತು. ಅಲ್ಲಿ ರಮಣ ಮಹರ್ಷಿಗಳ ಆಶ್ರಮವಾದ ರಮಣಾಶ್ರಮದಲ್ಲಿ ಕೆಲವು ದಿನ ಉಳಿದು, ಆಮೇಲೆ ಹತ್ತಿರದಲ್ಲೇ ಬಾಡಿಗೆ ರೂಮು ಹಿಡಿದಿದ್ದಾರೆ. ಈಗ ಅದೇ ಊರಿನ ಸಣ್ಣದೊಂದು ಆಶ್ರಮದವರು ‘ಅಡುಗೆಮನೆ ಸೇವೆ ಮಾಡಿಕೊಂಡು ಇಲ್ಲೇ ಇರಮ್ಮ’ ಅಂದಿದ್ದಾರಂತೆ. ಕೈಯಲ್ಲಿ 40 ಸಾವಿರ ಉಳಿದಿದೆ. ಇರಲಾ, ವಾಪಸ್ ಬರಲಾ ಅನ್ನುವುದು ಪ್ರಶ್ನೆ.

ಇಡೀ ಪತ್ರ ಈ ಪ್ರಶ್ನೆಗೇ ಹೋಗಿದೆ. ಸಹಿಗೆ ಸ್ವಲ್ಪ ಮುಂಚೆ ಹೀಗೊಂದು ಸಾಲು: “ಮನೆಯದೇನೂ ತೊಂದರೆ ಇಲ್ಲ, ನಾನು ಪುಣೆಯಲ್ಲಿ ಟ್ರೈನಿಂಗ್‌ನಲ್ಲಿದ್ದೀನಿ ಅಂತ ತಂಗಿ ಅಪ್ಪನಿಗೆ ಹೇಳಿ ಮ್ಯಾನೇಜ್ ಮಾಡ್ತಿದ್ದಾಳೆ.”

ತೊಂದರೆ ಇರೋದೇ ಅಲ್ಲಿ, ತಾಯಿ.

ತಂಗಿ ಡಿಗ್ರಿ ಕೊನೇ ವರ್ಷದಲ್ಲಿದ್ದಾಳೆ ಅಂತ ನೀವೇ ಬರೆದಿದ್ದೀರಿ. ಅಪ್ಪ ಫೋನ್ ಮಾಡಿದರೆ ನೀವು ಎತ್ತುವುದಿಲ್ಲ, ‘ಕ್ಲಾಸಲ್ಲಿದ್ದೀನಿ’ ಅಂತ ಮೆಸೇಜ್ ಹಾಕುತ್ತೀರಿ. ಹಾಗಾದರೆ ಸಂಜೆ ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ‘ಅಕ್ಕ ಏನಂದ್ಲು?’ ಅಂತ ಕೇಳುವುದು ಯಾರನ್ನ? ಅವಳನ್ನೇ. ಪುಣೆಯಲ್ಲಿ ಮಳೆ ಹೇಗಿದೆ, ಪಿಜಿ ಊಟ ಹೇಗಿದೆ ಅಂತ ಅವಳು ಕಥೆ ಕಟ್ಟಬೇಕು. ನಿನ್ನೆ ಹೇಳಿದ್ದನ್ನು ನೆನಪಿಟ್ಟುಕೊಂಡು ಇವತ್ತಿನದು ಹೇಳಬೇಕು. ನಿಮಗೆ ಸಿಕ್ಕಿರುವ ನೆಮ್ಮದಿಗೆ ಅವಳು ದಿನಾ ಬೆಲೆ ತೆರುತ್ತಿದ್ದಾಳೆ. ಆಶ್ರಮದ ರಿಜಿಸ್ಟರ್‌ನಲ್ಲಿ ತುರ್ತಿಗೆ ಅಂತ ನೀವು ಯಾರ ನಂಬರ್ ಬರೆದಿರಿ? ಅವಳದೇ ಇರಬೇಕು. ನಿಮಗೆ ಅಲ್ಲಿ ಜ್ವರ ಬಂದರೆ, ಬಿದ್ದು ಕಾಲು ಮುರಿದರೆ, ಮೊದಲ ಫೋನ್ ಹೋಗುವುದೂ ಆ ಹುಡುಗಿಗೇ. ಆಗ ಅಪ್ಪನ ಮುಂದೆ ನಿಲ್ಲಬೇಕಾದವಳೂ ಅವಳೇ.

ನಿಮ್ಮ ನೆಮ್ಮದಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಬೆಳಗ್ಗೆ ವೇದಪಾರಾಯಣ, ಮರದ ಮೇಲಿಂದ ನವಿಲಿನ ಕೂಗು, ನೆಲದ ಮೇಲೆ ಸಾಲಾಗಿ ಕೂತು ಎಲೆಯಲ್ಲಿ ಊಟ, ಕಣ್ಣೆತ್ತಿದರೆ ಅರುಣಾಚಲ ಬೆಟ್ಟ. ನಿಮ್ಮ ಸಂಬಳ ಎಷ್ಟು, ಮದುವೆ ಯಾವಾಗ ಅಂತ ಯಾರೂ ಕೇಳುವುದಿಲ್ಲ. ದಣಿದ ಜೀವಕ್ಕೆ ಇದಕ್ಕಿಂತ ಬೇರೇನು ಬೇಕು? ಹುಡುಗಿಯರು ಒಬ್ಬರೇ ಊರು ಸುತ್ತಬೇಕು ಅಂತ ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಈಗಲೂ ಅದನ್ನೇ ಹೇಳುತ್ತೇನೆ. ನೀವು ಹೋಗಿದ್ದು ಸರಿ. ಹೋದ ರೀತಿ ಸರಿಯಿಲ್ಲ.

ಇದರಲ್ಲಿ ನಿಮಗಿಂತ ಜಾಸ್ತಿ ನನಗೆ ಸಿಟ್ಟು ಬಂದಿರುವುದು ಋಷಿಕೇಶದ ಹಾಸ್ಟೆಲ್‌ನಲ್ಲಿ ಸಿಕ್ಕ ಆ ಗೆಳೆಯನ ಮೇಲೆ. ‘ಮನೆಯವರಿಗೆ ಹೇಳಿದರೆ ಪಯಣ ಕೆಡುತ್ತೆ, ಬಂಧನ ಕಳಚಬೇಕು’ ಅಂದನಂತೆ. ಅವನಿಗೆ ಅವನ ಅಪ್ಪ ತಿಂಗಳು ತಿಂಗಳು ದುಡ್ಡು ಕಳಿಸುತ್ತಾರೆ ಅಂತಲೂ ಬರೆದಿದ್ದೀರಿ. ಅಂದರೆ ಅವನು ಎಲ್ಲಿದ್ದಾನೆ ಅಂತ ಅವನ ಮನೆಯವರಿಗೆ ಗೊತ್ತು. ತಾನು ಕಳಚದ ಬಂಧನವನ್ನು ನಿಮ್ಮ ಕೈಲಿ ಕಳಚಿಸಿ ಅವನು ಮುಂದಿನ ಊರಿಗೆ ಹೋದ. ಇಂಥವರ ಮಾತಿಗೆ ಕಿವಿ ಕೊಡಬೇಡಿ.

ಕಿವಿ ಕೊಡುವುದಾದರೆ ನೀವಿರುವ ಊರಿನ ಕಥೆಗೇ ಕೊಡಿ. ರಮಣರು ಮಧುರೈಯ ಮನೆ ಬಿಟ್ಟಿದ್ದು 1896ರ ಆಗಸ್ಟ್‌ನಲ್ಲಿ. ಆಗ ಅವರಿಗೆ 16 ವರ್ಷ. ‘ಸ್ಪೆಷಲ್ ಕ್ಲಾಸ್ ಇದೆ’ ಅಂತ ಅಣ್ಣನಿಗೆ ನೆಪ ಹೇಳಿದರು. ನಿಮ್ಮ ಪುಣೆಯ ಟ್ರೈನಿಂಗ್ ಥರಾನೇ, ಅಲ್ವಾ? ಆದರೆ ಆ ನೆಪ ಆ ಹೊತ್ತಿಗೇ ಮುಗಿಯಿತು. ಹೊರಡುವ ಮುಂಚೆ ಒಂದು ಚೀಟಿ ಬರೆದಿಟ್ಟರು. ನನ್ನ ತಂದೆಯನ್ನು (ಅಂದರೆ ದೇವರನ್ನು) ಹುಡುಕಿಕೊಂಡು, ಅವನ ಅಪ್ಪಣೆಯಂತೆ ಹೋಗುತ್ತಿದ್ದೇನೆ, ಯಾರೂ ದುಃಖಪಡಬೇಡಿ, ನನ್ನನ್ನು ಹುಡುಕಲು ದುಡ್ಡು ಖರ್ಚು ಮಾಡಬೇಡಿ ಅಂತ. ಅಣ್ಣನ ಕಾಲೇಜು ಫೀಸಿನ 5 ರೂಪಾಯಿಯಲ್ಲಿ ರೈಲಿಗೆ ಅಂತ 3 ತೆಗೆದುಕೊಂಡಿದ್ದರು. ಫೀಸು ಇನ್ನೂ ಕಟ್ಟಿಲ್ಲ, ಉಳಿದ 2 ರೂಪಾಯಿ ಇಲ್ಲಿದೆ ಅಂತ ಅದನ್ನೂ ಆ ಚೀಟಿಯಲ್ಲೇ ಬರೆದರು. ಎಲ್ಲಿಗೆ ಅಂತ ಬರೆಯಲಿಲ್ಲ, ನಿಜ. ಆದರೆ ದಿನಾ ಅವರ ಪರವಾಗಿ ಸುಳ್ಳು ಹೇಳುತ್ತಾ ಕೂರುವ ಪಾಡು ಮನೆಯಲ್ಲಿ ಯಾರಿಗೂ ಬರಲಿಲ್ಲ.

1898ರಲ್ಲಿ ತಾಯಿ ಅಳಗಮ್ಮಾಳ್ ಹುಡುಕಿಕೊಂಡು ಬಂದು ಅತ್ತು ಕರೆದರು. ಮಗ ವಾಪಸ್ ಹೋಗಲಿಲ್ಲ. 1916ರಲ್ಲಿ ಆ ತಾಯಿಯೇ ಬಂದು ಬೆಟ್ಟದ ಮೇಲೆ ಮಗನ ಜೊತೆ ಇದ್ದುಬಿಟ್ಟರು, ಅಲ್ಲಿದ್ದವರಿಗೆಲ್ಲ ಅಡುಗೆ ಮಾಡಿ ಹಾಕಿದರು. 1922ರಲ್ಲಿ ತೀರಿಕೊಂಡಾಗ ಬೆಟ್ಟದ ಬುಡದಲ್ಲಿ ಅವರ ಸಮಾಧಿ ಮಾಡಿದರು. ರಮಣರು ಬೆಟ್ಟ ಇಳಿದು ಬಂದಿದ್ದು ಅಲ್ಲಿಗೆ. ಆಶ್ರಮ ಬೆಳೆದಿದ್ದು ಆ ಸಮಾಧಿಯ ಸುತ್ತ. ನೀವು ದಿನಾ ಕೈ ಮುಗಿಯುವ ಮಾತೃಭೂತೇಶ್ವರ ಗುಡಿ ಇರುವುದು ಅದರ ಮೇಲೆಯೇ. ಮನೆಯವರನ್ನು ಕತ್ತಲಲ್ಲಿಟ್ಟು ಅಲ್ಲಿ ಕಣ್ಣು ಮುಚ್ಚಿ ಕೂತರೆ ಏನು ಧ್ಯಾನ ಆದೀತು, ಹೇಳಿ.

ಇರಲಾ, ಬರಲಾ ಅನ್ನುವ ನಿಮ್ಮ ಪ್ರಶ್ನೆಗೆ ಈಗ ಉತ್ತರ ಕೊಡುವುದಿಲ್ಲ. ಅದನ್ನು ಒಂದು ತಿಂಗಳು ಬಿಟ್ಟು ಕೇಳಿ. ಅಲ್ಲಿಯವರೆಗೆ ಆ ಸಣ್ಣ ಆಶ್ರಮಕ್ಕೆ ಹೋಗಿ ಸೊಪ್ಪು ಹೆಚ್ಚಿ, ಪಾತ್ರೆ ತೊಳೆಯಿರಿ, ರಾತ್ರಿ ನಿಮ್ಮ ರೂಮಿಗೆ ಬನ್ನಿ. ಉಳಿದ ದುಡ್ಡು ನಿಮ್ಮ ಅಕೌಂಟಿನಲ್ಲೇ ಇರಲಿ, ಮೂಲ ಆಧಾರ್ ಕಾರ್ಡು ನಿಮ್ಮ ಬ್ಯಾಗಿನಲ್ಲೇ ಇರಲಿ.

ಈಗ ಮಾಡಬೇಕಾದ ಕೆಲಸ ಒಂದೇ. ಅಪ್ಪನಿಗೆ ಫೋನ್ ಮಾಡಿ. ಮೆಸೇಜ್ ಬೇಡ, ವಾಯ್ಸ್ ನೋಟ್ ಬೇಡ. ನಾಳೆ ಮಧ್ಯಾಹ್ನ ಊಟ ಆದ ಮೇಲೆ, ಸಂಜೆ ಪಾರಾಯಣಕ್ಕೆ ಮುಂಚೆ ಮಾಡಿ. ಅದಕ್ಕೂ ಮೊದಲು ತಂಗಿಗೆ ‘ಇವತ್ತು ಹೇಳಿಬಿಡ್ತೀನಿ, ನೀನು ಸುಮ್ನಿರು’ ಅಂತ ತಿಳಿಸಿ. ಎಲ್ಲಿದ್ದೀರಿ, ಎಷ್ಟು ದಿನದಿಂದ, ಕೆಲಸ ಬಿಟ್ಟಿದ್ದು ಯಾಕೆ, ಎಲ್ಲವನ್ನೂ ಅಪ್ಪನಿಗೆ ಹೇಳಿ. ‘ಸುಳ್ಳು ಹೇಳಿಸಿದವಳು ನಾನು, ಅವಳದೇನೂ ತಪ್ಪಿಲ್ಲ’ ಅಂತ ನಿಮ್ಮ ಬಾಯಿಂದಲೇ ಬರಬೇಕು. ಅವರು ಬೈದರೆ ಬೈಸಿಕೊಳ್ಳಿ. ಅವರು ಇಡುವವರೆಗೂ ನೀವು ಫೋನ್ ಇಡಬೇಡಿ.