ಹಾಡನ್ನು ಕೇಳದೆ ಚಿತ್ರೀಕರಿಸುವವರು

ಸಂಗೀತ ಕಾರ್ಯಕ್ರಮಕ್ಕೆ ಹಣ ಕೊಟ್ಟು ಹೋದವರು ವೇದಿಕೆಯನ್ನು ಬಿಟ್ಟು ಮೊಬೈಲಿನ ಪರದೆಯನ್ನೇ ನೋಡುತ್ತ ಇಡೀ ಹಾಡನ್ನು ಚಿತ್ರೀಕರಿಸುವುದೇಕೆ, ಆಮೇಲೆ ಅದನ್ನು ಯಾರಾದರೂ ನೋಡುತ್ತಾರೆಯೇ ಎಂದು ಕೇಳಿದ್ದೀರಿ. ಬಹುಪಾಲು ಮಂದಿ ನೋಡುವುದಿಲ್ಲವೆಂದೇ ನನ್ನ ಅನಿಸಿಕೆ. ತಲೆಗಳ ಮೇಲೆ ಎತ್ತಿ ಹಿಡಿದ ಕೈ ನಡುಗುತ್ತಿರುತ್ತದೆ, ಝಗಝಗಿಸುವ ದೀಪಗಳ ನಡುವೆ ಗಾಯಕರ ಮುಖ ಬರಿಯ ಬಿಳಿ ಮಚ್ಚೆಯಾಗಿರುತ್ತದೆ, ಹಾಡಿಗಿಂತ ಪಕ್ಕದವರ ಕೂಗೇ ಜೋರಾಗಿ ಕೇಳುತ್ತದೆ. ತಾವೂ ಅಲ್ಲಿದ್ದೆವೆಂದು ನಾಲ್ಕು ಜನರಿಗೆ ತೋರಿಸಲು ಪುಟ್ಟ ತುಣುಕು ಸಾಕು; ಆದರೆ ಒಳ್ಳೆಯ ಗಳಿಗೆ ಯಾವಾಗ ಬರುವುದೋ ತಿಳಿಯದ್ದರಿಂದ ಎತ್ತಿದ ಕೈ ಇಳಿಸಲು ಮನಸ್ಸು ಬರುವುದಿಲ್ಲ.

‘ನೆನಪಿಗಾಗಿ’ ಎಂಬ ಸಮರ್ಥನೆ ಮಾತ್ರ ಅಷ್ಟು ಗಟ್ಟಿಯಲ್ಲ. ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಅವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಸ್ತುಸಂಗ್ರಹಾಲಯದಲ್ಲಿ ಇಡಿಯಾಗಿ ಫೋಟೊ ತೆಗೆದ ವಸ್ತುಗಳು ಸುಮ್ಮನೆ ನೋಡಿದ ವಸ್ತುಗಳಿಗಿಂತ ಕಡಿಮೆ ನೆನಪಿನಲ್ಲಿ ಉಳಿದವು. ಒಂದು ಭಾಗವನ್ನಷ್ಟೇ ಜೂಮ್ ಮಾಡಿ ತೆಗೆದಾಗ ಈ ನಷ್ಟ ಕಾಣಲಿಲ್ಲ. (ಅದು ವಿಡಿಯೊ ಕುರಿತ ಪ್ರಯೋಗವಲ್ಲವೆಂಬುದನ್ನೂ ಹೇಳಬೇಕು.) 2017ರ ಇನ್ನೊಂದು ಅಧ್ಯಯನದಲ್ಲಿ, ತಮ್ಮಿಷ್ಟದಂತೆ ಫೋಟೊ ತೆಗೆದವರಿಗೆ ಕಂಡದ್ದು ಹೆಚ್ಚು ನೆನಪಿತ್ತು, ಕೇಳಿದ್ದು ಕಡಿಮೆ. ಕೇಳುವುದಕ್ಕೆಂದೇ ಹೋಗುವ ಕಾರ್ಯಕ್ರಮದಲ್ಲಿ ಇದು ದುಬಾರಿ ವ್ಯವಹಾರವೇ ಸರಿ. ಹಿಂದಿನ ಸಾಲಿನವರಿಗೆ ವೇದಿಕೆ ಮರೆಯಾಗುವುದಂತೂ ಬೇರೆಯೇ ತಕರಾರು.