ಉ: ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಎಲಿಕಾಟ್ ಸಿಟಿಯಲ್ಲಿ ಗೂಡ್ಸ್ ರೈಲು ಹಳಿ ತಪ್ಪಿದ್ದು ಯಾಕೆ?

ಸೇತುವೆ ಮೇಲೆ ಕೂತಿದ್ದ ಹುಡುಗಿಯರಿಂದಲೇ ರೈಲು ಹಳಿ ತಪ್ಪಿತಾ, ಪಕ್ಕದ ಹಳೇ ಸ್ಟೇಷನ್ ಉಳಿಯಿತಾ ಅಂತ ಕೇಳಿದ್ದೀರಿ. ಮೊದಲನೆಯದು ಖಂಡಿತ ಸುಳ್ಳು.

2012ರ ಆಗಸ್ಟ್ 20ರ ನಡುರಾತ್ರಿ ಹೊತ್ತಿಗೆ 80 ವ್ಯಾಗನ್ ಕಲ್ಲಿದ್ದಲು ಹೊತ್ತ ಸಿಎಸ್‌ಎಕ್ಸ್ ಅನ್ನೋ ರೈಲು ಕಂಪನಿಯ ಗೂಡ್ಸ್ ರೈಲು ಬಾಲ್ಟಿಮೋರ್ ನಗರದ ಕಡೆ ಹೊರಟಿತ್ತು. 21 ವ್ಯಾಗನ್ ಹಳಿ ತಪ್ಪಿದವು, ಕೆಲವು ಕೆಳಗಿನ ಪಾರ್ಕಿಂಗ್ ಜಾಗಕ್ಕೇ ಉರುಳಿದವು. ಸೇತುವೆ ಅಂಚಲ್ಲಿ ಕೂತಿದ್ದ 19 ವರ್ಷದ ಇಬ್ಬರು ಗೆಳತಿಯರು ಕಲ್ಲಿದ್ದಲಿನಡಿ ಸಿಕ್ಕಿ ಸತ್ತರು. ಅವರು ಅಲ್ಲಿ ಕೂತಿದ್ದು ತಪ್ಪೇ ಇರಬಹುದು, ಆದರೆ ರೈಲು ಉರುಳಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ಜನ ಸುಮ್ನೆ ಸತ್ತವರ ತಲೆಗೆ ಕಟ್ಟುತ್ತಾರೆ, ಬೇಜಾರಾಗುತ್ತದೆ.

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿ ಹೇಳಿದ್ದು ಒಂದೇ: ಹಳಿ ಮುರಿದಿತ್ತು. ಭಾರದ ಚಕ್ರಗಳು ವರ್ಷಗಟ್ಟಲೆ ಒಂದೇ ಕಡೆ ಒತ್ತಿ ಉರುಳಿದರೆ ಹಳಿಯ ಮೇಲ್ಮೈ ದಣಿದು ಸಣ್ಣ ಬಿರುಕು ಬಿಡುತ್ತದೆ, ಅದೇ ಒಳಗಿಳಿದು ಒಂದು ದಿನ ಹಳಿ ಪಟ್ಟನೆ ಮುರಿಯುತ್ತದೆ. ಶಬ್ದದ ಅಲೆ ಹಾಯಿಸಿ ಹಳಿಯೊಳಗಿನ ಬಿರುಕು ಹುಡುಕುವ ಅಲ್ಟ್ರಾಸಾನಿಕ್ ಪರೀಕ್ಷೆ ಇದೆಯಲ್ವಾ ಅಂತೀರಿ. ಇದೆ, ಆದರೆ ಮೇಲ್ಪದರ ಸಿಪ್ಪೆ ಎದ್ದಂತೆ ಹಾಳಾಗಿದ್ದರೆ ಆ ಅಲೆ ಅಲ್ಲೇ ಚದುರಿ, ಕೆಳಗಿನ ದೊಡ್ಡ ಬಿರುಕು ಕಾಣದೇ ಹೋಗಬಹುದು. ನನ್ನ ಮಟ್ಟಿಗೆ ಚರ್ಚೆ ಆಗಬೇಕಾದ್ದು ಇದು.

ಸ್ಟೇಷನ್ ಉಳಿದಿದೆ. 1830ರ ದಶಕದ ಆರಂಭದ ಕಲ್ಲಿನ ಕಟ್ಟಡ ಅದು, ಅಮೆರಿಕದಲ್ಲಿ ಉಳಿದಿರುವ ಅತಿ ಹಳೆಯ ರೈಲು ನಿಲ್ದಾಣ ಅಂತಾರೆ. ಈಗ ಮ್ಯೂಸಿಯಂ, ಪಕ್ಕದಲ್ಲಿ ಗೂಡ್ಸ್ ರೈಲು ಈಗಲೂ ಓಡುತ್ತವೆ.