ಓದುಗರ ಪ್ರಶ್ನೆ: "ಯಾವುದರಿಂದ ರಕ್ಷಣೆ?" ಅಂತ ಕೇಳಿದವರಿಗೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಯೇಸುವಿನ ಬಗ್ಗೆ ವಿಚಾರಿಸುವವರಿಗೆ, ಸಭೆಗೆ (ಚರ್ಚಿಗೆ) ಹೊಸದಾಗಿ ಕಾಲಿಡುವವರಿಗೆ ನಾವು ಹೇಗೆ ನೆರವಾಗಬೇಕು ಎಂದು ಹಲವರು ಕೇಳಿದ್ದಾರೆ. ಅವುಗಳಲ್ಲಿ ಐದು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾನು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ಜೊತೆಗೆ ಕೆಲಸ ಮಾಡುವ ಅಕ್ಕ ಒಬ್ಬರು ಕ್ರಿಸ್ಮಸ್ ಆರಾಧನೆಗೆ ಬಂದಿದ್ದರು. ಮರುದಿನ, "ನೀವು ರಕ್ಷಣೆ ರಕ್ಷಣೆ ಅಂತೀರಲ್ಲ, ಯಾವುದರಿಂದ ರಕ್ಷಣೆ?" ಅಂತ ಕೇಳಿದರು. ಹುಟ್ಟಿದಾಗಿನಿಂದ ಸಭೆಯಲ್ಲೇ ಬೆಳೆದರೂ ನನ್ನ ಬಾಯಿಗೆ ಉತ್ತರ ಬರಲಿಲ್ಲ. ಏನು ಹೇಳಬೇಕಿತ್ತು?
– ಓದುಗರು, ಜೆಪ್ಪು

ಉತ್ತರ: ಉತ್ತರ ಬಾಯಿಗೆ ಬರದಿದ್ದದ್ದು ನಿಮ್ಮ ನಂಬಿಕೆಯ ಕೊರತೆಯಿಂದ ಅಲ್ಲ. ನಮ್ಮ ಮಾತುಗಳು ಸಭೆಯ ಗೋಡೆಯೊಳಗೆ ಒಂದು ಅರ್ಥ ಕೊಡುತ್ತವೆ, ರಸ್ತೆಗೆ ಇಳಿದರೆ ಇನ್ನೊಂದು. "ಪಾಪ" ಅನ್ನುವ ಶಬ್ದವನ್ನೇ ನೋಡಿ. ನಮ್ಮೂರಲ್ಲಿ ಅದು ಮೊದಲು ಕನಿಕರದ ಮಾತು: "ಪಾಪ, ಅವರಿಗೆ ಬಸ್ಸು ತಪ್ಪಿತು", "ಅವ ಪಾಪದವ, ಯಾರ ತಂಟೆಗೂ ಹೋಗುವುದಿಲ್ಲ". ಹೀಗೆ ಮಾತಾಡುವವರ ಮುಂದೆ "ನಾವೆಲ್ಲರೂ ಪಾಪಿಗಳು" ಅಂದುಬಿಟ್ಟರೆ, ತನ್ನನ್ನು ಕಳ್ಳರು, ಕೊಲೆಗಾರರ ಸಾಲಿಗೆ ಸೇರಿಸಿದರು ಅಂತಲೇ ಅವರಿಗೆ ಅನ್ನಿಸುತ್ತದೆ. "ರಕ್ಷಣೆ" ಅಂದರೆ ಪೊಲೀಸ್ ರಕ್ಷಣೆ ನೆನಪಾಗುತ್ತದೆ. "ಮೋಕ್ಷ" ಅಂದರೆ ಜನ್ಮಜನ್ಮಾಂತರದ ಸುಳಿಯಿಂದ ಬಿಡುಗಡೆ. ನಾವು ಹೇಳಹೊರಟದ್ದು ಇವು ಯಾವುವೂ ಅಲ್ಲ.

ಹಾಗಾದರೆ ಸರಳವಾಗಿ ಹೀಗೆ ಹೇಳಬಹುದು. ದೇವರು ನಮ್ಮನ್ನು ತನ್ನ ಮಕ್ಕಳಾಗಿ ಬಾಳಲು ಸೃಷ್ಟಿಸಿದನು. ನಾವು ಆತನಿಗೆ ಬೆನ್ನು ಹಾಕಿ ನಮ್ಮದೇ ದಾರಿ ಹಿಡಿದೆವು. ಆ ಮುರಿದ ಸಂಬಂಧವನ್ನೇ ಪಾಪ ಅನ್ನುತ್ತೇವೆ. ಮನೆಯೊಳಗಿನ ಕಹಿ, ಸುಳ್ಳು ಲೆಕ್ಕ, ಸಾವಿನ ಭಯ ಎಲ್ಲ ಅದರ ಕೊಂಬೆಗಳು. ನಮ್ಮ ಪ್ರಯತ್ನದಿಂದ ಆ ಸಂಬಂಧ ಕೂಡಿಬರಲಿಲ್ಲ. ಯೇಸು ಮನುಷ್ಯನಾಗಿ ಬಂದು ನಮ್ಮ ತಪ್ಪನ್ನು ಶಿಲುಬೆಯ ಮೇಲೆ ತಾನೇ ಹೊತ್ತು ಸತ್ತನು, ಮೂರನೇ ದಿನ ಎದ್ದನು. ಆತನನ್ನು ನಂಬಿ ತಿರುಗಿಕೊಂಡವರನ್ನು ದೇವರು ಮಗನಾಗಿ, ಮಗಳಾಗಿ ಇವತ್ತೇ ಸೇರಿಸಿಕೊಳ್ಳುತ್ತಾನೆ. ಸಾವಿಗೂ ಆ ಸಂಬಂಧವನ್ನು ಕಡಿಯಲಾಗದು. ಇಷ್ಟು ಹೇಳಲು ಎರಡು ನಿಮಿಷ ಸಾಕು. ರಕ್ಷಣೆ ಕಣ್ಣಿಗೆ ಹೇಗೆ ಕಾಣುತ್ತದೆ ಅಂತ ಕೇಳಿದರೆ ಲೂಕನ ಸುವಾರ್ತೆಯ 19ನೇ ಅಧ್ಯಾಯದ ಸುಂಕದ ಅಧಿಕಾರಿ ಜಕ್ಕಾಯನನ್ನು ತೋರಿಸಿ. ಯೇಸು ಅವನ ಮನೆಗೆ ಹೋದಮೇಲೆ ಅವನು ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡಲು, ಅನ್ಯಾಯವಾಗಿ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸಲು ಎದ್ದುನಿಂತ. ಈ ಮನೆಗೆ ಈ ದಿನ ರಕ್ಷಣೆ ಬಂತು ಎಂದು ಯೇಸು ಹೇಳಿದ್ದು ಆಗಲೇ.

ಆಮೇಲೂ ಆ ಅಕ್ಕನಿಗೆ ಆಸಕ್ತಿ ಇದ್ದರೆ, ಆಸಕ್ತಿ ಇದ್ದರೆ ಮಾತ್ರ, ಮಾರ್ಕನ ಸುವಾರ್ತೆಯನ್ನು ಒಟ್ಟಿಗೆ ಓದಿ. ಹಲವರು ಯೋಹಾನನಿಂದ ಶುರುಮಾಡುತ್ತಾರೆ. ಆದರೆ ಹೊಸಬರಿಗೆ ಮಾರ್ಕನೇ ಒಳ್ಳೆಯದು ಅನ್ನುವುದು ನಮ್ಮ ಅಭಿಪ್ರಾಯ. ಅದು ನಾಲ್ಕು ಸುವಾರ್ತೆಗಳಲ್ಲಿ ಅತಿ ಚಿಕ್ಕದು, ಉಪದೇಶಕ್ಕಿಂತ ಘಟನೆ ಹೆಚ್ಚು. ಒಟ್ಟು 16 ಅಧ್ಯಾಯ. ವಾರಕ್ಕೆ ಎರಡರಂತೆ ಎಂಟು ವಾರ, ಒಂದು ಸಲಕ್ಕೆ ಮುಕ್ಕಾಲು ಗಂಟೆ ಮೀರಬಾರದು. ಕೆಲಸದ ಹೊತ್ತಿನಲ್ಲಿ, ಮಾಲೀಕರ ಸಮಯ ಕದ್ದು ಓದಬೇಡಿ. ಇಬ್ಬರೂ ಒಂದೊಂದು ಭಾಗವನ್ನು ಗಟ್ಟಿಯಾಗಿ ಓದಿ, ಆಮೇಲೆ ಮೂರೇ ಪ್ರಶ್ನೆ: ಇಲ್ಲಿ ಯೇಸು ಏನು ಮಾಡಿದನು? ಇದರಿಂದ ಆತನು ಯಾರೆಂದು ಕಾಣುತ್ತದೆ? ಇದು ನಿಜವಾದರೆ ನನ್ನಲ್ಲಿ ಏನು ಬದಲಾಗಬೇಕು? ಮೂರನೆಯದಕ್ಕೆ ಮೊದಲು ನೀವೇ ಉತ್ತರಿಸಿ.

ಈ ಲೆಕ್ಕದಲ್ಲಿ ನಾಲ್ಕನೇ ವಾರ 8ನೇ ಅಧ್ಯಾಯ ಬರುತ್ತದೆ. ನೀವು ನನ್ನನ್ನು ಯಾರೆಂದು ಹೇಳುತ್ತೀರಿ ಎಂದು ಯೇಸು ಶಿಷ್ಯರನ್ನು ಕೇಳುವುದು ಅಲ್ಲಿ. ಆ ಪ್ರಶ್ನೆಯನ್ನು ಪುಸ್ತಕವೇ ಕೇಳಲಿ, ಅದಕ್ಕಿಂತ ಮೊದಲು ನೀವು ಒತ್ತಾಯಿಸಬೇಡಿ. ಐದನೇ ವಾರ 10ನೇ ಅಧ್ಯಾಯದ 45ನೇ ವಚನದಲ್ಲಿ ಆತನು ತನ್ನ ಪ್ರಾಣವನ್ನು ಈಡಾಗಿ ಕೊಡುವ ಮಾತು ಬರುತ್ತದೆ. "ಈಡು" ಅನ್ನುವ ಶಬ್ದಕ್ಕೆ ಹೆಚ್ಚಿನವರು ನಿಲ್ಲುತ್ತಾರೆ. ಬ್ಯಾಂಕಿನಲ್ಲಿ ಅಡವಿಟ್ಟ ಚಿನ್ನವನ್ನು ಹಣ ಕಟ್ಟಿ ಬಿಡಿಸಿಕೊಳ್ಳುವುದನ್ನು ಹೇಳಿ. ಇಲ್ಲಿ ಅಡವಿಗೆ ಬಿದ್ದವರು ನಾವು, ಕಟ್ಟಿದವನು ಆತನು.

ಕೆಡುವುದು ಎಲ್ಲಿ ಅಂದರೆ ಹೆಚ್ಚಾಗಿ ನಮ್ಮ ಅವಸರದಲ್ಲಿ. ದಿನಾ ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ವಚನ ಕಳಿಸುವುದು, ಒಂದೇ ಸಲಕ್ಕೆ ನಾಲ್ಕು ಕರಪತ್ರ ಕೊಡುವುದು, ಅವರ ದೇವರ ಬಗ್ಗೆ ಹಗುರವಾಗಿ ಮಾತಾಡುವುದು, ಎರಡನೇ ವಾರಕ್ಕೇ "ನಾನು ಹೇಳಿದ ಹಾಗೆ ಹೇಳಿ" ಅಂತ ಪ್ರಾರ್ಥನೆ ಹೇಳಿಸುವುದು. ನಮ್ರತೆಯಿಂದಲೂ ಗೌರವದಿಂದಲೂ ಉತ್ತರ ಕೊಡಿ ಎಂದು ಪೇತ್ರನು ತನ್ನ ಮೊದಲನೇ ಪತ್ರದ 3ನೇ ಅಧ್ಯಾಯದಲ್ಲಿ ಬರೆದದ್ದನ್ನು ಆಜ್ಞೆಯೆಂದೇ ತೆಗೆದುಕೊಳ್ಳಬೇಕು. ಪ್ರಾರ್ಥಿಸಲು ಅವರಿಗೇ ಮನಸ್ಸಾದಾಗ ಅವರದೇ ಮಾತಿನಲ್ಲಿ ಪ್ರಾರ್ಥಿಸಲಿ. ತಡವರಿಸಿದರೂ ಬಾಯಿ ಹಾಕಬೇಡಿ.

ಪ್ರಶ್ನೆ: ನಮ್ಮ ಸಭೆಗೆ ಹೊಸಬರು ಬರುತ್ತಾರೆ. ಎರಡು ಭಾನುವಾರ ಕಾಣುತ್ತಾರೆ, ಮೂರನೆಯದಕ್ಕೆ ಇಲ್ಲ. ಪ್ರಸಂಗ ಚೆನ್ನಾಗಿದೆ, ಹಾಡೂ ಚೆನ್ನಾಗಿದೆ. ಎಲ್ಲಿ ತಪ್ಪುತ್ತಿದ್ದೇವೆ?
– ಸಭಾಹಿರಿಯರೊಬ್ಬರು, ಉಡುಪಿ

ಉತ್ತರ: ಬಾಗಿಲಿನಿಂದ ಬೆಂಚಿನವರೆಗಿನ ದಾರಿಯನ್ನು ಒಮ್ಮೆ ಹೊಸಬರ ಕಣ್ಣಿನಿಂದ ನೋಡಿ. ಚಪ್ಪಲಿ ಬಿಡಬೇಕೋ ಬೇಡವೋ ಗೊತ್ತಿಲ್ಲ. ಕೈಗೆ ಎರಡು ಪುಸ್ತಕ ಬಂತು, ಹಾಡಿನದು ಯಾವುದು, ಆರಾಧನಾ ಕ್ರಮ ಯಾವುದು ತಿಳಿಯುವುದಿಲ್ಲ. ನಂಬರ್ ಹೇಳಿದ ಕೂಡಲೇ ಎಲ್ಲರೂ ಪುಟ ತೆರೆದಾಯಿತು, ಇವರು ಇನ್ನೂ ಹುಡುಕುತ್ತಿದ್ದಾರೆ. ಎಲ್ಲರೂ ಎದ್ದಾಗ ಕೂತಿದ್ದರು, ಕೂತಾಗ ಎದ್ದರು. ಮನೆಗೆ ಹೋಗುವಾಗ ಪ್ರಸಂಗಕ್ಕಿಂತ ಈ ಮುಜುಗರವೇ ಹೆಚ್ಚು ನೆನಪಿರುತ್ತದೆ.

ಇದಕ್ಕೆ ಬೇಕಾದದ್ದು ಒಬ್ಬ ಮನುಷ್ಯ. ಆರಾಧನೆಗೆ 15 ನಿಮಿಷ ಮೊದಲೇ ಬಾಗಿಲ ಬಳಿ ಇಬ್ಬರು ನಿಲ್ಲಲಿ, ಸಾಧ್ಯವಾದರೆ ಒಬ್ಬರು ಹೆಂಗಸು, ಒಬ್ಬರು ಗಂಡಸು. ಹೊಸಬರು ಬಂದರೆ ಒಬ್ಬರು ಜೊತೆಯಲ್ಲೇ ಹೋಗಿ ಪಕ್ಕದಲ್ಲಿ ಕೂರಬೇಕು, ಪುಟ ತೆಗೆದು ಕೊಡಬೇಕು. ಮುಂದಿನ ಬೆಂಚು ಬೇಡ, ಹಿಂದಿನಿಂದ ಮೂರನೆಯದೋ ನಾಲ್ಕನೆಯದೋ ಸಾಕು, ಮುಂದಿನವರನ್ನು ನೋಡಿ ಏಳಬಹುದು, ಕೂರಬಹುದು. ಕಾಣಿಕೆಯ ಚೀಲ ಬರುವ ಮೊದಲೇ ಮೆಲ್ಲಗೆ ಹೇಳಿ: "ಇದು ಸಭೆಯವರದ್ದು, ನೀವು ಹಾಕಬೇಕೆಂದಿಲ್ಲ." ರಾತ್ರಿಭೋಜನ (ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರ) ಇರುವ ಭಾನುವಾರ ಇನ್ನೂ ಎಚ್ಚರ ಬೇಕು. ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗದವರು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದಿಲ್ಲ ಅನ್ನುವುದನ್ನು ವೇದಿಕೆಯ ಬಳಿ ಸಾಲಿನಲ್ಲಿ ನಿಂತಮೇಲೆ ಹೇಳಿದರೆ ಅವಮಾನವಾಗುತ್ತದೆ. ಆರಾಧನೆ ಶುರುವಾಗುವ ಮೊದಲೇ ಹೇಳಿ, ಅವರು ಕೂತಲ್ಲೇ ಇರುವಾಗ ನೀವೂ ಅವರೊಟ್ಟಿಗೆ ಒಂದು ಕ್ಷಣ ಇದ್ದು, ಕೊನೆಯಲ್ಲಿ ಹೋಗಿಬನ್ನಿ. ಎದ್ದುನಿಂತು ಪರಿಚಯ ಹೇಳಲು ಯಾರನ್ನೂ ಕರೆಯಬೇಡಿ.

ಇನ್ನೊಂದು ಮಾತು ನೇರವಾಗಿ ಹೇಳಬೇಕು. ಹಳೆಯ ಮನೆತನಗಳಿರುವ ನಮ್ಮ ಸಭೆಗಳಲ್ಲಿ ಮೊದಲ ಪ್ರಶ್ನೆಯೇ "ನೀವು ಯಾರ ಮನೆಯವರು? ಮೊದಲು ಯಾವ ಸಭೆ?" ನಮಗದು ಪ್ರೀತಿಯ ಮಾತು, ಹೊಸಬರ ಬಳಿ ಅದಕ್ಕೆ ಉತ್ತರವೇ ಇಲ್ಲ. ಕೆಲವರ ಕಿವಿಗೆ ಅದು ಜಾತಿ ಕೇಳಿದ ಹಾಗೆಯೇ ಇರುತ್ತದೆ. "ಎಲ್ಲಿಂದ ಬಂದಿರಿ, ಬಸ್ಸು ಸಿಕ್ಕಿತಾ?" ಅಂತ ಕೇಳಿದರೆ ಸಾಕಷ್ಟಾಯಿತು. ಆರಾಧನೆ ಮುಗಿದ ಮೊದಲ ಹತ್ತು ನಿಮಿಷ ಸಮಿತಿಯ ಮಾತು, ಲೆಕ್ಕದ ಮಾತು ಬದಿಗಿಟ್ಟು ಹೊಸಬರ ಜೊತೆ ಚಹಾ ಕುಡಿಯಿರಿ. ಫೋನ್ ನಂಬರ್ ಅವರಾಗಿ ಕೊಟ್ಟಿದ್ದರೆ ಮಂಗಳವಾರವೋ ಬುಧವಾರವೋ ಒಬ್ಬರೇ ಒಬ್ಬರು ಮಾತಾಡಿಸಿ. ಭಾನುವಾರ ಸಂಜೆಯೇ ಐದು ಜನ ಫೋನ್ ಮಾಡಿದರೆ ಹೆದರುತ್ತಾರೆ.

ಪ್ರಶ್ನೆ: ಕಾಯಿಲೆ ಇರುವ ನೆರೆಯವರು ನಮ್ಮ ಪ್ರಾರ್ಥನಾ ಕೂಟಕ್ಕೆ ಬರುತ್ತೇವೆ ಅಂದಿದ್ದಾರೆ. ನಂಬಿದರೆ ಗುಣವಾಗುತ್ತದೆ ಎಂದು ಹೇಳಬಹುದೇ?
– ಓದುಗರು, ಕಾಪು

ಉತ್ತರ: ಹೇಳಬಾರದು. ಪ್ರಾರ್ಥಿಸಿ, ಯಾಕೋಬನ ಪತ್ರದ 5ನೇ ಅಧ್ಯಾಯ ಅದಕ್ಕೆ ದಾರಿ ತೋರಿಸುತ್ತದೆ. ದೇವರು ಗುಣಪಡಿಸಬಲ್ಲನು ಎಂದು ನಂಬಿಯೇ ಪ್ರಾರ್ಥಿಸಿ. ಆದರೆ ಆತನ ಪರವಾಗಿ ಮಾತು ಕೊಡುವ ಅಧಿಕಾರ ನಮಗಿಲ್ಲ. ಅಪೊಸ್ತಲನಾದ ಪೌಲನು ಬೇಡಿಕೊಂಡರೂ ಅವನ "ಶರೀರದ ಮುಳ್ಳು", ಅಂದರೆ ಕಾಡುತ್ತಿದ್ದ ಬಾಧೆ, ಹೋಗಲಿಲ್ಲ, ಕೃಪೆಯೇ ಸಾಕೆಂಬ ಉತ್ತರ ಬಂತು. ಮಾತ್ರೆ, ಇನ್ಸುಲಿನ್, ಡಯಾಲಿಸಿಸ್ ಯಾವುದನ್ನೂ ನಿಲ್ಲಿಸಲು ಯಾರೂ ಹೇಳಕೂಡದು. ಕೂಟದಲ್ಲಿ ಹಾಗೆ ಹೇಳುವವರಿದ್ದರೆ ಅಲ್ಲೇ ತಡೆಯಿರಿ. ಗುಣವಾಗದಿದ್ದರೆ "ನಿಮ್ಮ ನಂಬಿಕೆ ಸಾಲದು" ಅನ್ನುವ ಮಾತು ರೋಗಿಗೆ ಎರಡನೇ ಕಾಯಿಲೆ. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ, ಗಂಜಿ ಮಾಡಿಕೊಡಿ.

ಪ್ರಶ್ನೆ: ಮನೆಯಲ್ಲಿ ತುಳು ಮಾತಾಡುವವರಿಗೆ ಸುವಾರ್ತೆಯನ್ನು ತುಳುವಿನಲ್ಲೇ ಹೇಳಿದರೆ ಗೌರವ ಕಡಿಮೆಯಾಗುತ್ತದೆಯೇ?
– ಓದುಗರು, ಮುಲ್ಕಿ

ಉತ್ತರ: ಇಲ್ಲವೇ ಇಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂವರು ಮಿಷನರಿಗಳು, ಹೆಬಿಕ್, ಲೆಹ್ನರ್, ಗ್ರೈನರ್, ಮಂಗಳೂರಿಗೆ ಬಂದದ್ದು 1834ರಲ್ಲಿ. 1847ರ ಹೊತ್ತಿಗೆ ಹೊಸ ಒಡಂಬಡಿಕೆ ಪೂರ್ತಿಯಾಗಿ ತುಳುವಿನಲ್ಲಿ, ಕನ್ನಡ ಲಿಪಿಯಲ್ಲಿ ಅಚ್ಚಾಗಿತ್ತು. ಅಷ್ಟು ಬೇಗ ಅವರಿಗೆ ಅರ್ಥವಾದದ್ದು ನಮಗೆ ಮರೆತುಹೋಗಬಾರದು. ಓದುವುದು ಕನ್ನಡದಲ್ಲಿ, ಮಾತಾಡುವುದು ತುಳುವಿನಲ್ಲಿ ಎಂದು ಇಟ್ಟುಕೊಂಡರೂ ಸರಿ. ಮನಸ್ಸಿನ ನೋವನ್ನು ಮನುಷ್ಯ ಹೇಳಿಕೊಳ್ಳುವುದು ಮನೆಮಾತಿನಲ್ಲೇ.

ಪ್ರಶ್ನೆ: ಒಂದು ವರ್ಷದಿಂದ ನಮ್ಮ ಸಭೆಗೆ ಬರುವ ಯುವತಿಯೊಬ್ಬಳು ದೀಕ್ಷಾಸ್ನಾನ ಕೇಳುತ್ತಿದ್ದಾಳೆ. ಮನೆಯವರಿಗೆ ಇನ್ನೂ ಹೇಳಿಲ್ಲ, ಕುಟುಂಬದಲ್ಲಿ ನೇಮ (ದೈವಾರಾಧನೆಯ ಉತ್ಸವ) ನಡೆಯುತ್ತದೆ. ಸಭಾಪಾಲಕರು ನಿಧಾನ ಮಾಡೋಣ ಅನ್ನುತ್ತಾರೆ, ಕೆಲವರು ಕೂಡಲೇ ಮಾಡಿ ಅನ್ನುತ್ತಾರೆ. ಯಾವುದು ಸರಿ?
– ಓದುಗರು, ಕಾರ್ಕಳ

ಉತ್ತರ: ಸಭಾಪಾಲಕರು ಹೇಳಿದ್ದೇ ಸರಿ. ಬೈಬಲಿನಲ್ಲಿ ಇಥಿಯೋಪ್ಯದ ಅಧಿಕಾರಿಗೆ ಫಿಲಿಪ್ಪನು ದಾರಿಯಲ್ಲೇ ದೀಕ್ಷಾಸ್ನಾನ ಮಾಡಿಸಿದನಲ್ಲ ಎಂದು ಅವಸರದವರು ಕೇಳುತ್ತಾರೆ. ಆತ ಯೆರೂಸಲೇಮಿಗೆ ಹೋಗಿ ದೇವರನ್ನು ಆರಾಧಿಸಿ, ಯೆಶಾಯನ ಗ್ರಂಥ ಓದುತ್ತಾ ಬರುತ್ತಿದ್ದವನು ಎನ್ನುವುದನ್ನು ಮರೆಯುತ್ತಾರೆ.

ಮೊದಲು ಮೂರು ವಿಷಯ ಖಚಿತವಾಗಲಿ: ಆಕೆಗೆ 18 ತುಂಬಿದೆ, ಇದು ಆಕೆಯ ಸ್ವಂತ ತೀರ್ಮಾನ, ಇದರ ಹಿಂದೆ ಮದುವೆಯ ಮಾತೋ ಕೆಲಸದ ಆಸೆಯೋ ಇಲ್ಲ. ಆಮೇಲೆ ನಾಲ್ಕರಿಂದ ಆರು ತಿಂಗಳು ವಾರಕ್ಕೊಂದು ಪಾಠ ಇಡಿ. ಅಪೊಸ್ತಲರ ವಿಶ್ವಾಸಪ್ರಮಾಣ, ಹತ್ತು ಆಜ್ಞೆಗಳು, ಕರ್ತನು ಕಲಿಸಿದ ಪ್ರಾರ್ಥನೆ, ದೀಕ್ಷಾಸ್ನಾನ ಮತ್ತು ರಾತ್ರಿಭೋಜನದ ಅರ್ಥ, ಈ ಕ್ರಮದಲ್ಲಿ. ಬಾಯಿಪಾಠ ಒಪ್ಪಿಸಿದರೆ ಸಾಲದು, ತನ್ನ ಮಾತಿನಲ್ಲಿ ಹೇಳಲು ಬರಬೇಕು. ಹೆಸರು ಬದಲಿಸಬೇಕೆಂದಿಲ್ಲ. ನೀರು ಹೊಯ್ಯುವುದೋ ಮುಳುಗಿಸುವುದೋ ಆಯಾ ಸಭೆಯ ಕ್ರಮ, ಅದರ ಬಗ್ಗೆ ಆಕೆಯ ಮುಂದೆ ವಾದ ಬೇಡ.

ಕಾನೂನಿನ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಸಂವಿಧಾನದ 25ನೇ ವಿಧಿ ಧರ್ಮವನ್ನು ಅನುಸರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹೇಳುವುದು ಆ ಹಕ್ಕಿನೊಳಗೆ ಬರುತ್ತದೆ, ಇನ್ನೊಬ್ಬರನ್ನು ಮತಾಂತರಿಸುವುದು ಹಕ್ಕಲ್ಲ ಎಂದು 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕರ್ನಾಟಕದಲ್ಲಿ 2022ರಲ್ಲಿ ಬಂದ ಮತಾಂತರ ತಡೆ ಕಾಯ್ದೆ, ಮತಾಂತರವಾಗುವ 30 ದಿನ ಮೊದಲೇ ಜಿಲ್ಲಾಧಿಕಾರಿಗೆ ನಿಗದಿತ ನಮೂನೆಯಲ್ಲಿ ತಿಳಿಸಬೇಕೆಂದಿತು. ಉಡುಗೊರೆ, ಹಣ, ಉದ್ಯೋಗ, ಮದುವೆಯ ಭರವಸೆ ಎಲ್ಲವನ್ನೂ ಆಮಿಷದ ಪಟ್ಟಿಗೆ ಸೇರಿಸಿತು. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಆದ್ದರಿಂದ ದಿನ ಗೊತ್ತುಮಾಡುವ ಮೊದಲು, ಆ ದಿನಕ್ಕೆ ಯಾವ ನಿಯಮ ಜಾರಿಯಲ್ಲಿದೆ ಎಂದು ವಕೀಲರಿಂದ ಲಿಖಿತವಾಗಿ ಪಡೆದು ಅದರಂತೆಯೇ ನಡೆಯಿರಿ. ಕಾಯ್ದೆ ಇರಲಿ ಇಲ್ಲದಿರಲಿ, ಪಾಠ ನಡೆಯುವ ತಿಂಗಳುಗಳಲ್ಲಿ ಆಕೆಗೆ ಹಣ, ಫೀಸು, ಕೆಲಸ ಯಾವುದನ್ನೂ ಸಭೆಯ ಕಡೆಯಿಂದ ಕೊಡಬೇಡಿ. ಕೊಟ್ಟರೆ ಆಕೆಯ ನಂಬಿಕೆಯ ಮೇಲೆ ಆಕೆಗೇ ಮುಂದೊಂದು ದಿನ ಅನುಮಾನ ಬರುತ್ತದೆ.

ಆಕೆ ಪರಿಶಿಷ್ಟ ಜಾತಿಯವಳಾಗಿದ್ದರೆ ಇನ್ನೊಂದು ವಿಷಯ ಮೊದಲೇ ಹೇಳಲೇಬೇಕು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ, ನಂತರದ ತಿದ್ದುಪಡಿಗಳೂ ಸೇರಿ, ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಆ ಸ್ಥಾನ. ಕ್ರೈಸ್ತಳಾದರೆ ಆ ಮೀಸಲಾತಿ ಹೋಗುತ್ತದೆ. ಇದನ್ನು ಮುಚ್ಚಿಟ್ಟು ಹಳೆಯ ಪ್ರಮಾಣಪತ್ರವನ್ನೇ ಬಳಸು ಎಂದು ಸಲಹೆ ಕೊಡುವವರಿದ್ದಾರೆ. ಸತ್ಯವಾಗಿರುವಾತನ ಹೆಸರಿನಲ್ಲಿ ಸುಳ್ಳಿನಿಂದ ಬದುಕು ಶುರುಮಾಡಿಸಬೇಡಿ.

ಮನೆಯವರಿಗೆ ತಿಳಿಸುವುದೇ ಎಲ್ಲಕ್ಕಿಂತ ಕಷ್ಟ. ಮೊದಲು ತಾಯಿಗೆ, ಆಮೇಲೆ ತಂದೆಗೆ, ಅಣ್ಣಂದಿರಿಗೆ ಆಕೆಯೇ ಹೇಳಲಿ. ಸಭೆಯವರು ಗುಂಪಾಗಿ ಹೋಗಬೇಡಿ. ನೇಮದ ದಿನ, ಚಪ್ಪರ ಹಾಕಿ ನೆಂಟರು ತುಂಬಿರುವಾಗ "ನಾನು ಇದಕ್ಕೆ ಸೇರುವುದಿಲ್ಲ" ಅಂದರೆ ಅದು ಸಾಕ್ಷಿಯಲ್ಲ, ಹೆತ್ತವರ ಮಾನ ಕಳೆದ ಹಾಗೆ. ಪತ್ತನಾಜೆ (ನೇಮಗಳ ಋತು ಮುಗಿಯುವ ದಿನ) ಕಳೆದು ಮಳೆಗಾಲ ಹಿಡಿದಮೇಲೆ, ಮನೆ ಶಾಂತವಾಗಿರುವಾಗ ಕೂತು ಮಾತಾಡಲಿ. ಆರಾಧನೆಯ ಭಾಗದಲ್ಲಿ ತಾನು ನಿಲ್ಲಲಾರೆ, ಆದರೆ ಅಂಗಳ ಗುಡಿಸುವುದು, ಅಡುಗೆಗೆ ಕೈ ಹಾಕುವುದು, ಬಂದವರಿಗೆ ಊಟ ಬಡಿಸುವುದು ಮೊದಲಿಗಿಂತ ಹೆಚ್ಚೇ ಮಾಡುತ್ತೇನೆ ಎಂದು ಹೇಳಲಿ, ಮಾಡಿಯೂ ತೋರಿಸಲಿ. ದೈವದ ಬಗ್ಗೆ ಒಂದು ಕೆಟ್ಟ ಮಾತೂ ಆಕೆಯ ಬಾಯಿಂದ ಬರಬಾರದು, ನಮ್ಮ ಬಾಯಿಂದಲೂ. ಪ್ರಸಾದದ ಊಟದ ಪ್ರಶ್ನೆಗೆ ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ 8ರಿಂದ 10ನೇ ಅಧ್ಯಾಯಗಳನ್ನು ಸಭಾಪಾಲಕರ ಜೊತೆ ಕೂತು ಓದಿ, ಆಕೆಯೇ ಮನಸ್ಸಾಕ್ಷಿಯಿಂದ ನಿರ್ಧರಿಸಲಿ.

ದೀಕ್ಷಾಸ್ನಾನದ ಫೋಟೊ ಯಾವ ಗ್ರೂಪಿಗೂ ಹೋಗದಿರಲಿ. ಆ ದಿನಕ್ಕೆ ಮೊದಲೇ ಎರಡು ಕುಟುಂಬಗಳನ್ನು ಗೊತ್ತುಮಾಡಿ: ರಾತ್ರಿ ಫೋನ್ ಬಂದರೆ ಎತ್ತುವವರು, ಭಾನುವಾರ ಊಟಕ್ಕೆ ಕರೆಯುವವರು. ಆಕೆಯ ಮೊದಲ ಕ್ರಿಸ್ಮಸ್‌ಗೆ ಕುಸ್ವಾರಿನ (ಕ್ರಿಸ್ಮಸ್ ತಿಂಡಿಗಳ) ತಟ್ಟೆ ಆಕೆಯ ಮನೆಗೆ ಹೋಗುವುದಾದರೆ, ಬೇರೆ ನೆರೆಮನೆಗಳಿಗೆ ಕೊಡುವಷ್ಟೇ ಇಟ್ಟು, ತಾಯಿಯ ಕೈಗೇ ಕೊಟ್ಟು ಬನ್ನಿ.